ಡೇ ಕೇರ್ ನಂದು, ಪೊಲೀಸ್ ವೆರಿಫಿಕೇಶನ್ ಮನಿ ಮಂದಿ ಎಲ್ಲಾರದೂ

ಧಾರವಾಡದಾಗ ನಮ್ಮನಿ ಪಡಸಾಲಿ ಮತ್ತ ಅದಕ್ಕ ಹತ್ತಿದ ಎರಡ್ ಖೋಲಿ ಒಳಗ ನಾನು ಸಣ್ಣ ಹುಡುಗೂರ ಡೇ ಕೇರ್ ನಡಸ್ತೀನಿ. ಒಂದೂವರಿ ವರ್ಷದ ಕೂಸಿನಿಂದ ಹಿಡದು ಯುಕೆಜಿ ಮುಗಿಸಿ ಬರೋ ಹುಡುಗೂರ ತನಕ ಬರ್ತಾವ. ತಾಯಂದ್ರೆಲ್ಲ ನೌಕರಿ ಮಾಡೋರು, ಬ್ಯಾಂಕು, ಯುನಿವರ್ಸಿಟಿ, ದವಾಖಾನಿ, ಒಬ್ರು ಹೈಕೋರ್ಟ್ ಪೀಠದಾಗ ವಕೀಲರು. ಹ್ವಾದ ವರ್ಷ ನಮ್ಮನಿಯೊಳಗ ಇರೋ ದೊಡ್ಡೋರು ಎಲ್ಲಾರದೂ ಪೊಲೀಸ್ ವೆರಿಫಿಕೇಶನ್, ಅಂದ್ರ ಹೆಸರಿನ ಮ್ಯಾಲ ಏನರೆ ಕೇಸು ಐತೇನ ಅಂತ ಪೊಲೀಸರ ಕಡೆಯಿಂದ ತಪಾಸಣಿ, ಮಾಡಿಸಿದ್ವಿ. ಬರೇ ಕೆಲಸದಾಕೀದಲ್ಲ, ನಂದು, ನಮ್ಮನಿಯವ್ರದು, ಮಾವನೋರದು, ಅತ್ತೀದು, ಮೈದನಂದು, ಓದಾಕಂತ ಬಂದು ನಮ್ಮಲ್ಲೇ ಇರೋ ನಾದಿನಿ ಮಗಂದು, ಎಲ್ಲಾರದೂ. ಇದನ್ನ ಕೇಳಿದವರು "ಮನಿ ಮಂದೀದು ಯಾಕ ಬೇಕ್ರಿ, ನಿಮ್ಮವರ ಮ್ಯಾಲ ನಿಮಗ ಭರವಸಾ ಇಲ್ಲೇನ" ಅಂತಾರ, ಇನ್ನ ಮನಿಯೊಳಗ ಡೇ ಕೇರ್ ಚಾಲೂ ಮಾಡಬೇಕಂತ ಇರೋರು ಹೆಂಗ ಮಾಡಿಸಿದ್ರಿ, ಎಲ್ಲಿ ಅರ್ಜಿ ಹಾಕಿದ್ರಿ ಅಂತ ಫೋನ್ ಮಾಡ್ತಾರ. ಅದಕ್ಕ ಎಲ್ಲಾ ಒಂದ ಕಡೆ ಬರದು ಇಡಾಕತ್ತೀನಿ.

ಇದು ತಲಿಯೊಳಗ ಹೊಕ್ಕಿದ್ದು ಆ ವಕೀಲ ತಾಯಿಯಿಂದ. ಮಗಳನ್ನ ಸೇರಸಾಕ ಬಂದಾಗ ಫೀಸು, ಊಟ, ಮಲಗೋ ಟೈಮು ಎಲ್ಲಾ ಕೇಳಿದ ಮ್ಯಾಲ "ಅಕ್ಕಾರ, ಕೆಲಸದಾಕೀದು ವೆರಿಫಿಕೇಶನ್ ಆಗೇತಿ ಅಂದ್ರಿ, ಛಲೋ ಆತು, ಮಧ್ಯಾಹ್ನ ಹುಡುಗೂರು ಮಲಗಿದಾಗ ಮನ್ಯಾಗ ಮತ್ತ ಯಾರ್ಯಾರು ಇರ್ತಾರ್ರಿ" ಅಂತ ಕೇಳಿದ್ರು. ನಾ ಎಲ್ಲಾರ ಹೆಸರೂ ಹೇಳಿದೆ. "ಅವರದು ಆಗೇತೇನ್ರಿ" ಅಂದ್ರು. ಇಲ್ಲ ಅಂದೆ. ಅವರು ಸಿಟ್ಟಿಲೆ ಕೇಳಲಿಲ್ಲ, ಅನುಮಾನ ಮಾಡೋ ಹಂಗೂ ಕೇಳಲಿಲ್ಲ, ನಿಯಮ ಏನೈತಿ ಅಂತ ಕುಂತು ತಿಳಿಸಿ ಹೇಳಿದ್ರು. ಪೋಕ್ಸೊ ಅಂದ್ರ ಮಕ್ಕಳ ಮ್ಯಾಲಿನ ಲೈಂಗಿಕ ಅಪರಾಧ ತಡಿಯೋ ಕಾಯ್ದೆ, ಅದರ 2020ರ ನಿಯಮಗಳೊಳಗ 3ನೇ ನಿಯಮ ಐತಿ. ಸಾಲಿ, ಕ್ರೆಶ್, ಆಟದ ಅಕಾಡೆಮಿ, ಹಿಂಗ ಮಕ್ಕಳ ಜೋಡಿ ದಿನಾ ಸಂಬಂಧ ಬರೋ ಯಾವುದ ಸಂಸ್ಥೆ ಇರಲಿ, ಕಲಸೋರಿರಲಿ ಕಸ ಹೊಡಿಯೋರಿರಲಿ, ಕಾಯಂ ಇರಲಿ ಗುತ್ತಿಗಿ ಮ್ಯಾಲ ಇರಲಿ, ಸಿಬ್ಬಂದಿ ಎಲ್ಲಾರದೂ ಆಗಾಗ ಪೊಲೀಸ್ ವೆರಿಫಿಕೇಶನ್ ಮಾಡಸಬೇಕು, ಮಕ್ಕಳ ರಕ್ಷಣಾ ಬಗ್ಗೆ ಅವರಿಗೆ ತರಬೇತಿನೂ ಕೊಡಸಬೇಕು ಅಂತ. ಆದ್ರ ಅದು ಹೇಳೋದು ಸಿಬ್ಬಂದಿ ಬಗ್ಗೆ. ನಮ್ಮಂಥ ಮನಿಯೊಳಗ ಪಗಾರ ತಗೊಳ್ಳಾಕಿ ಒಬ್ಬಾಕಿ, ಕೂಸಿನ ಕೈ ಹಿಡದು ಆಡಸೋರು, ನೀರು ಕುಡಸೋರು, ಬಾಗಿಲಾ ತಗಿಯೋರು ಮನಿ ಮಂದಿ ಎಲ್ಲಾರೂ. ಪಗಾರ ಇಲ್ಲ ಅಂದ ಕೂಡ್ಲೆ ಅವರು ಲೆಕ್ಕಕ್ಕ ಇಲ್ಲ ಅಂದ್ರ ಆ ನಿಯಮ ಮಾಡಿದ್ದು ಯಾಕ?

ಅದೂ ಅಲ್ಲದ, ನ್ಯಾಷನಲ್ ಕ್ರೈಮ್ ರೆಕಾರ್ಡ್ಸ್ ಬ್ಯೂರೋದವರು ವರ್ಷಾ ವರ್ಷಾ ತಗಿಯೋ ವರದಿ ನೋಡ್ರಿ, ಪೋಕ್ಸೊ ಕಾಯ್ದೆ ಕೆಳಗ ದಾಖಲಾಗೋ ಅತ್ಯಾಚಾರದ ಕೇಸಿನೊಳಗ ನೂರಕ್ಕ 90ಕ್ಕಿಂತ ಹೆಚ್ಚು ಕೇಸಿನಾಗ ಆರೋಪಿ ಆ ಮಗೂಗೆ ಮದಲ ಗೊತ್ತಿದ್ದವನ ಇರ್ತಾನ. ಮನಿಯವರು, ಬಳಗದವರು, ಬಾಜೂಕಿನವರು, ಕಲಸೋರು. ನಾವು ಮಾತ್ರ ಗೇಟಿಗೆ ಕೀಲಿ ಹಾಕೋದು, ಸಿಸಿಟಿವಿ ಹಚ್ಚೋದು ಎಲ್ಲಾ ಹೊರಗಿನವರ ಸಲುವಾಗಿ ಮಾಡ್ತೀವಿ. ಇದನ್ನ ಓದಿದ ಮ್ಯಾಲ ನನಗ ಬ್ಯಾರೆ ವಾದ ಬೇಕಾಗಲಿಲ್ಲ.

ನಮ್ಮ ಅಕ್ಕ ಅಮೆರಿಕಾದಾಗ ಕ್ಯಾಲಿಫೋರ್ನಿಯಾದೊಳಗ ಇರ್ತಾಳ, ಆಕಿನೂ ಮನಿಯೊಳಗ ಲೈಸೆನ್ಸ್ ತಗೊಂಡು ಡೇ ಕೇರ್ ನಡಸ್ತಾಳ. ಆ ರಾತ್ರಿ ಆಕಿಗೆ ಫೋನ್ ಹಚ್ಚಿದೆ. ಅಲ್ಲಿ ಇದನ್ನ ಮಾಡಬೇಕೋ ಬ್ಯಾಡೋ ಅನ್ನೋ ಪ್ರಶ್ನಿನ ಇಲ್ಲ, ಆ ಮನಿಯೊಳಗ ಇರೋ 18 ವರ್ಷ ತುಂಬಿದ ಪ್ರತಿಯೊಬ್ಬರೂ, ಹುಡುಗೂರನ್ನ ಮುಟ್ಟಲಿ ಬಿಡಲಿ, ಬೆರಳಚ್ಚು ಕೊಡಬೇಕು. ಲೈವ್ ಸ್ಕ್ಯಾನ್ ಅಂತಾರ, ಮಶೀನಿನ ಮ್ಯಾಲ ಬೆರಳು ಇಟ್ಟು ಕೊಡೋದು. ಅದು ರಾಜ್ಯದ ನ್ಯಾಯ ಇಲಾಖೆಗೂ ಹೋಗ್ತೈತಿ, ಎಫ್‌ಬಿಐಗೂ ಹೋಗ್ತೈತಿ, ಮಕ್ಕಳ ಮ್ಯಾಲ ದೌರ್ಜನ್ಯ ಮಾಡಿದವರದ ಬ್ಯಾರೆ ಒಂದು ರಾಜ್ಯದ ಪಟ್ಟಿ ಇರ್ತೈತಿ, ಅದರಾಗೂ ಹೆಸರು ಹುಡುಕ್ತಾರ. 2014ರಾಗ ಕೇಂದ್ರದ ಕಾಯ್ದೆನ ಬದಲಿ ಮಾಡಿ ಇಡೀ ದೇಶಕ್ಕ ಇಂಥಾ ತಪಾಸಣಿ ಕಡ್ಡಾಯ ಮಾಡ್ಯಾರ, ಕಡಿಮಿ ಅಂದ್ರೂ ಐದ ವರ್ಷಕ್ಕೊಮ್ಮೆ. ನಮ್ಮ ಅವ್ವ ಅಲ್ಲಿ ಅಕ್ಕನ ಮನ್ಯಾಗ ಇರಾಕ ಹೋದಾಗ ಅವ್ವಂದೂ ತಗೊಂಡಿದ್ರು. ಜೀವನಪೂರ್ತಿ ರೊಟ್ಟಿ ಬಡದು, ಬೂದಿ ಹಚ್ಚಿ ಭಾಂಡೆ ತಿಕ್ಕಿದ ಕೈ, ಬೆರಳಿನ ಗೆರಿ ಎಲ್ಲಾ ಸವದು ಹೋಗ್ಯಾವ, ಮಶೀನಿಗೆ ಬರಲೇ ಇಲ್ಲ, ಅಚ್ಚು ಸ್ವಚ್ಛ ಇಲ್ಲಂತ ವಾಪಸ್ ಬಂತು, ಕೈಗೆ ಎಣ್ಣಿ ನೀವಿ, ಬಿಸಿನೀರಾಗ ತೊಳದು ಮತ್ತ ಹೋಗಿ ಕೊಟ್ಟು ಬಂದ್ಲು. ಅವ್ವ ಬ್ಯಾಸರಾ ಮಾಡ್ಕೊಂಡಿಲ್ಲೇನ ಅಂತ ಕೇಳಿದೆ. "ಇಲ್ಲವಾ, ಇಲ್ಲಿ ಎಲ್ಲಾರೂ ಕೊಡ್ತಾರ, ನಾ ಒಬ್ಬಾಕಿ ಏನ ಹೆಚ್ಚು" ಅಂದಿದ್ಲಂತ.

ಆ ಮಾತ ನನಗ ದಾರಿ ತೋರಿಸ್ತು. ಒಬ್ಬರನ್ನ ಹಿಡದು ನಿಂದು ತನಿಖಿ ಮಾಡಸ್ತೀವಿ ಅಂದ್ರ ಅದು ಅವಮಾನ, ಎಲ್ಲಾರದೂ ಅಂದ್ರ ಅದು ಪದ್ಧತಿ. ಹಂಗಾಗಿ ಮದಲ ನನ್ನ ಅರ್ಜಿ ಹಾಕೋದು, ಎರಡನೇದು ನಮ್ಮನಿಯವ್ರದು, ಆಮ್ಯಾಲ ಉಳದವ್ರನ್ನ ಕೇಳೋದು ಅಂತ ಇಬ್ಬರೂ ಮಾತಾಡ್ಕೊಂಡ್ವಿ.

ಮಾವನೋರ ಮುಂದ ಹೇಳೋದ ಎಲ್ಲಾಕ್ಕಿಂತ ಕಠಿಣ ಇತ್ತು. ಅವರು ನವಲಗುಂದ ತಾಲೂಕಿನ ಹಳ್ಳಿಯೊಳಗ ಸಾಲಿ ಮಾಸ್ತರ ಆಗಿ ರಿಟೈರ್ ಆದವರು, ಊರಾಗ ಇವತ್ತಿಗೂ ಮಾಸ್ತರ ಅಂದ್ರ ಮಂದಿ ಎದ್ದು ನಿಲ್ತಾರ. ಡೇ ಕೇರ್ ಹುಡುಗೂರಿಗೆ ದಿನಾ ಸಂಜಿಮುಂದ ಕಥಿ ಹೇಳೋರು ಅವರ. ಕೇಳಿದ ಕೂಡ್ಲೆ ಮುಖ ಸಣ್ಣದು ಮಾಡಿ "ಯವ್ವಾ, ನಾಕ ದಶಕ ಹುಡುಗೂರಿಗೆ ಅಕ್ಷರ ಕಲಿಸೀನಿ, ಈಗ ಪೊಲೀಸರ ಕಡೆ ಹೋಗಿ ನಾ ಛಲೋ ಮನಷ್ಯಾ ಅಂತ ಚೀಟಿ ತರಬೇಕೇನು" ಅಂದ್ರು. ಆ ದಿನ ಊಟಾನೂ ಸರಿ ಮಾಡಲಿಲ್ಲ. ನಾ ವಾದ ಮಾಡಲಿಲ್ಲ, ಅವರ ನೋವು ಖರೇನ ಇತ್ತು. ಎರಡ ದಿನ ಬಿಟ್ಟು ಒಂದ ಮಾತು ಕೇಳಿದೆ, "ಮಾವಾರ, ನಾಳೆ ನಿಮ್ಮ ಮೊಮ್ಮಗಳನ್ನ ಯಾರದೋ ಮನಿಯೊಳಗ ಬಿಡಬೇಕಾಗಿ ಬಂದ್ರ, ಆ ಮನಿ ಗಂಡಸರ ಬಗ್ಗೆ ವಿಚಾರ ಮಾಡ್ತೀರೋ ಇಲ್ಲೋ?" ಅವರು ಉತ್ತರಾ ಕೊಡಲಿಲ್ಲ. ಸಂಜಿಗೆ ಆಧಾರ್ ಕಾರ್ಡು, ಎರಡ ಫೋಟೋ ತಂದು ಟೇಬಲ್ ಮ್ಯಾಲ ಇಟ್ರು. "ನಂದು ಮದಲ ಹಾಕು, ಹುಡುಗೂರು ನೋಡಿ ಕಲೀಲಿ" ಅಂದ್ರು.

ಇನ್ನ ಅರ್ಜಿ ವಿಷಯ. ಕೆಲವರು ಹುಬ್ಬಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕ ಹೋಗ್ರಿ, ಅಲ್ಲಿ ಪಿಸಿಸಿ, ಅಂದ್ರ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಕೊಡ್ತಾರ ಅಂದ್ರು. ಅದು ಪರದೇಶಕ್ಕ ಹೋಗೋರಿಗೆ, 500 ರೂಪಾಯಿ ಫೀಸು, ಪಾಸ್‌ಪೋರ್ಟ್ ಇರಬೇಕು, ನಮ್ಮ ಕೆಲಸಕ್ಕ ಅದಲ್ಲ. ನಾವು ಹಾಕಿದ್ದು ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಾಗ, ಪೊಲೀಸ್ ಇಲಾಖೆ ಸೇವೆಗಳು ಅಂತ ಇರ್ತಾವ, ಅದರಾಗ ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟ್. ಮನ್ಯಾಗ ಕುಂತು ಹಾಕಾಕ ಬರ್ತೈತಿ, ಬರಲಿಲ್ಲ ಅಂದ್ರ ಧಾರವಾಡದಾಗೂ ಹುಬ್ಬಳ್ಳ್ಯಾಗೂ ಕರ್ನಾಟಕ ಒನ್ ಸೆಂಟರ್ ಅದಾವ, ಹಳ್ಳಿ ಕಡೆ ಗ್ರಾಮ ಒನ್ ಐತಿ, ಅಲ್ಲೂ ಕೇಳಬಹುದು. ಪ್ರತಿಯೊಬ್ಬರದೂ ಬ್ಯಾರೆ ಬ್ಯಾರೆ ಅರ್ಜಿ, ಪ್ರತಿಯೊಬ್ಬರ ಮೊಬೈಲಿಗೂ ಓಟಿಪಿ, ಅತ್ತಿ ಫೋನು ಯಾವಾಗಲೂ ಚಾರ್ಜ್ ಇಲ್ಲದ ಕಪಾಟಿನ ಮ್ಯಾಲ ಇರ್ತೈತಿ, ಅದಕ್ಕ ಒಂದ ಐತವಾರ ಎಲ್ಲಾರನ್ನೂ ಕೂಡ್ರಿಸಿ ಮಾಡಿದ್ವಿ. ಯಾವ ಕಾರಣಕ್ಕ ಬೇಕು ಅಂತ ಕೇಳಿದಲ್ಲಿ ಸುಮ್ನ ವೈಯಕ್ತಿಕ ಅಂತ ಬರೀಬ್ಯಾಡ್ರಿ, ಮನಿಯೊಳಗ ಮಕ್ಕಳ ಡೇ ಕೇರ್ ಐತಿ, ಅಲ್ಲಿ ವಾಸ ಮಾಡೋ ಸದಸ್ಯರದು ಅಂತ ಸ್ಪಷ್ಟ ಬರೀರಿ, ಸ್ಟೇಷನ್‌ನಾಗ ಕೇಳಿದಾಗ ಹೇಳಾಕ ಹಗರ ಆಗ್ತೈತಿ.

ತ್ರಾಸ ಬಂದಿದ್ದು ವಿಳಾಸದಾಗ. ಮಾವನೋರ ಆಧಾರ್‌ನಾಗ ಇನ್ನೂ ಹಳ್ಳಿ ವಿಳಾಸನ ಇತ್ತು, ಇರೋದು ಧಾರವಾಡದಾಗ. ಹುಬ್ಬಳ್ಳಿ-ಧಾರವಾಡ ಶಹರ ಪೊಲೀಸ್ ಕಮಿಷನರ ಕೆಳಗ ಬರ್ತೈತಿ, ನವಲಗುಂದ ಕಡೆ ಜಿಲ್ಲಾ ಎಸ್‌ಪಿ ಕೆಳಗ. ಈಗಿನ ವಿಳಾಸದ ಸ್ಟೇಷನ್ನವರು ತಮ್ಮ ಹದ್ದಿನೊಳಗಿಂದು ನೋಡ್ತಾರ, ಮನಷ್ಯಾ ಜೀವನದ ಬಹಳ ವರ್ಷ ಬ್ಯಾರೆ ಕಡೆ ಇದ್ದಿದ್ರ ಅಲ್ಲಿಂದೂ ವರದಿ ಬರಬೇಕು. ಹಿಂಗಾಗಿ ಅವರದು, ಮೈದನಂದು ತಡ ಆತು. ಮ್ಯಾಲ ಹುಟ್ಟಿದ ತಾರೀಖು. ಆ ಕಾಲದಾಗ ಸಾಲಿಗೆ ಹೆಸರು ಹಚ್ಚೋವಾಗ ಎಲ್ಲಾರಿಗೂ ಜೂನ್ 1 ಅಂತ ಬರೀತಿದ್ರು, ಊರಾಗ ಮಾವನೋರ ಹೆಸರಿನವರ ಇನ್ನಿಬ್ಬರು ಅದಾರ, ಒಬ್ಬರದು ತಂದಿ ಹೆಸರೂ ಅದ, ತಾರೀಖೂ ಅದ. ಹೆಸರು ನೋಡಿ ಹುಡುಕೋ ವ್ಯವಸ್ಥಾದೊಳಗ ಇದು ಸಣ್ಣ ಮಾತಲ್ಲ, ಒಬ್ಬರ ಭೂಮಿ ಜಗಳದ ಕೇಸು ಇನ್ನೊಬ್ಬರ ತಲಿಮ್ಯಾಲ ಬರಬಹುದು. ಸ್ಟೇಷನ್‌ನ ಹವಾಲ್ದಾರರು ಪೆನ್ಶನ್ ಪುಸ್ತಕ, ವೋಟರ್ ಕಾರ್ಡು, ಮನೆತನದ ಅಡ್ಡಹೆಸರು ಎಲ್ಲಾ ತಾಳಿ ನೋಡಿ "ಇವರಲ್ರಿ ಅವರು" ಅಂತ ಬರ್ಕೊಂಡ್ರು. ಬೆರಳಚ್ಚು ತಗೊಂಡ್ರ ಈ ಗೊಂದಲಾನ ಇರೂದಿಲ್ಲ ಅಂತ ನನಗ ಆಗ ಅನಸ್ತು.

ಹವಾಲ್ದಾರರು ಮನಿಗೂ ಬಂದಿದ್ರು. ಗೇಟಿನ ಮುಂದ ಪೊಲೀಸ್ ಗಾಡಿ ನಿಂತ ಕೂಡ್ಲೆ ಓಣಿ ಮಂದಿ ಎಲ್ಲಾ ಬಾಗಿಲಿಗೆ ಬಂದ್ರು. ನಾ ಹಿಂದಿನ ದಿನಾನ ಬಾಜೂ ಮನಿಯವರಿಗೆ, ಎಲ್ಲಾ ತಾಯಂದ್ರಿಗೂ ಹೇಳಿ ಇಟ್ಟಿದ್ದೆ, ಹಿಂಗ ವೆರಿಫಿಕೇಶನ್‌ಗೆ ಬರ್ತಾರ ಅಂತ. ನೀವೂ ಇದನ್ನ ತಪ್ಪಿಸಬ್ಯಾಡ್ರಿ, ಗಾಳಿ ಸುದ್ದಿ ಹಬ್ಬೋಕ್ಕಿಂತ ಮದಲ ನಮ್ಮ ಬಾಯಿಂದ ಹೋಗಬೇಕು. ಬಂದವರು ಖೋಲಿ ನೋಡಿದ್ರು, ಯಾರ್ಯಾರು ಎಲ್ಲಿ ಮಲಗ್ತಾರ ಕೇಳಿದ್ರು, ಬಾಜೂಕಿನ ಎರಡ ಮನಿಯವರ ಹತ್ರ ಮಾತಾಡಿದ್ರು, ಮಾವನೋರಿಗೆ "ಹಿರ್ಯಾರ, ನೀವ ಇದನ್ನ ಮಾಡಸಾಕ ಒಪ್ಪಿದ್ದು ಬಹಳ ಚಲೋ ಆತ್ರಿ" ಅಂದು ನಮಸ್ಕಾರ ಮಾಡಿ ಹೋದ್ರು. ಆ ಒಂದ ಮಾತಿಗೆ ಮಾವನೋರ ಮನಸಿನ ಭಾರ ಇಳೀತು.

ನಾದಿನಿ ಮಗಂದು ಬ್ಯಾರೆ ಚಿಂತಿ. ಅವ ಪಿಎಸ್‌ಐ ಪರೀಕ್ಷಾಕ್ಕ ಓದಾಕತ್ತಾನ, ಧಾರವಾಡ ಅಂದ್ರ ಗೊತ್ತಲ್ಲ, ಸಪ್ತಾಪುರದ ಕಡೆ ಹೋದ್ರ ಪ್ರತಿ ಗಲ್ಲಿಗೂ ಕೋಚಿಂಗ್ ಕ್ಲಾಸು. "ಮಾಮಿ, ಸ್ಟೇಷನ್‌ನಾಗ ನನ್ನ ಹೆಸರು ಎಂಟ್ರಿ ಆದ್ರ ನಾಳೆ ನೌಕರಿ ವೆರಿಫಿಕೇಶನ್‌ನಾಗ ತೊಂದ್ರಿ ಆಗೂದಿಲ್ಲೇನ" ಅಂತ ಹೆದರಿದ್ದ. ವೆರಿಫಿಕೇಶನ್‌ಗೆ ಅರ್ಜಿ ಹಾಕೋದು ಕೇಸು ಅಲ್ಲ, ಅದರಿಂದ ಯಾವ ಕಲೆನೂ ಹತ್ತೂದಿಲ್ಲ. ಅವಂದು ಎಲ್ಲಾರಕಿಂತ ಮದಲ ಬಂತು.

ಈಗ ಮೈದನನ ಮಾತು, ಇದನ್ನ ಅವನ ಒಪ್ಪಿಗಿ ತಗೊಂಡ ಬರ್ಯಾಕತ್ತೀನಿ. ಅವ ಊರಾಗ ಹೊಲ ಮಾಡ್ತಾನ, ವಾರಕ್ಕ ಎರಡ ದಿನ ಆದ್ರೂ ನಮ್ಮಲ್ಲಿ ಇರ್ತಾನ. 2016ರ ಜುಲೈನಾಗ ಮಹಾದಾಯಿ ನದಿ ನೀರಿನ ನ್ಯಾಯಮಂಡಳಿ ಕರ್ನಾಟಕದ ಮಧ್ಯಂತರ ಅರ್ಜಿ ತಳ್ಳಿ ಹಾಕಿದಾಗ ನವಲಗುಂದ, ನರಗುಂದ ಕಡೆ ರೈತರು ರಸ್ತೆಗೆ ಇಳದಿದ್ದು ಎಲ್ಲಾರಿಗೂ ನೆನಪೈತಿ. ಆ ಗಲಾಟಿ ಕೇಸಿನೊಳಗ ಅವನ ಹೆಸರೂ ಇತ್ತು. ಕೇಸು ಮುಗದು ವರ್ಷಗಟ್ಟಲೆ ಆಗೇತಿ, ಆದ್ರ ದಾಖಲಾ ಅಲ್ಲೇ ಇತ್ತು, ವೆರಿಫಿಕೇಶನ್‌ನಾಗ ಬಂತು. ಕೋರ್ಟಿನಿಂದ ಆದೇಶದ ದೃಢೀಕೃತ ನಕಲು ತಂದು ಕೊಡ್ರಿ ಅಂದ್ರು. ಆ ನಕಲಿಗೆ ಅರ್ಜಿ ಹಾಕಿ, ಸ್ಟ್ಯಾಂಪ್ ಹಚ್ಚಿ, ಕೇಸ್ ನಂಬರ್ ನೆನಪಿಲ್ಲಂತ ಹಳೇ ವಕೀಲರನ್ನ ಹುಡುಕಿ, ಅದ ಒಂದು ದೊಡ್ಡ ಕೆಲಸ ಆತು. ಇಂಥಾ ಹಳೇ ಕೇಸು ಯಾರಿಗರೆ ಇದ್ರ ಅರ್ಜಿ ಹಾಕೋದಕ್ಕಿಂತ ಮದಲ ಆ ಕಾಗದ ಕೈಯಾಗ ಇಟ್ಕೊಳ್ರಿ. ಇ-ಕೋರ್ಟ್ಸ್ ವೆಬ್‌ಸೈಟಿನಾಗ ಹೆಸರು ಹಾಕಿ ಹುಡುಕಿದ್ರ ನಂಬರ್ ಸಿಗಬಹುದು.

ಅವನ ವರದಿಯೊಳಗ ಕೇಸು ಇತ್ತು, ವಿಲೇವಾರಿ ಆಗೇತಿ ಅಂತ ಬರದು ಬಂತು. ನಾ ಅದನ್ನ ಮುಚ್ಚಿ ಇಡಲಿಲ್ಲ. ನೀರಿನ ಸಲುವಾಗಿ ಬೀದಿಗೆ ಬಂದ ಮನಷ್ಯಾನಿಂದ ಕೂಸಿಗೆ ಏನ ಅಪಾಯ ಐತಿ, ಇಲ್ಲ. ಆದ್ರ ಅದನ್ನ ತೀರ್ಮಾನ ಮಾಡೋರು ತಾಯಿ ತಂದಿ, ನಾ ಅಲ್ಲ. ಎಲ್ಲಾರಿಗೂ ತೋರಿಸಿದೆ, ಒಬ್ಬರೂ ಮಗೂನ್ನ ಬಿಡಸಲಿಲ್ಲ. ಅಕ್ಕನ ಕಡೆ ಇದಕ್ಕೂ ವ್ಯವಸ್ಥಾ ಐತಂತ, ಸಣ್ಣ ಅಪರಾಧ ಆಗಿ ಹೋಗಿದ್ರ ಇಲಾಖೆಗೆ ಅರ್ಜಿ ಕೊಟ್ಟು ವಿನಾಯಿತಿ ಕೇಳಬಹುದು, ಮಕ್ಕಳ ಮ್ಯಾಲಿನ ಲೈಂಗಿಕ ಅಪರಾಧದಂಥಾವಕ್ಕ ಮಾತ್ರ ವಿನಾಯಿತಿನ ಇಲ್ಲ. ನಮ್ಮಲ್ಲೂ ಇಂಥಾದ್ದೊಂದು ಬರಬೇಕು. ಯಾವ ಕೇಸು ಬಾಗಿಲಾ ಮುಚ್ಚತೈತಿ, ಯಾವುದು ಮುಚ್ಚೂದಿಲ್ಲ ಅಂತ ಕಾಯ್ದೆನ ಹೇಳಬೇಕು, ಇಲ್ಲಾಂದ್ರ ಹೋರಾಟ ಮಾಡಿದ ರೈತನೂ ಮಕ್ಕಳಿಗೆ ಕೇಡು ಮಾಡಿದವನೂ ಒಂದ ಕಾಗದದಾಗ ಒಂದ ಸಾಲಿನಾಗ ನಿಲ್ತಾರ.

ಅಕ್ಕ ಹೇಳಿದ ಇನ್ನೊಂದು ನನಗ ಬಹಳ ಹಿಡಿಸ್ತು. ಅಲ್ಲಿ ಒಮ್ಮೆ ಬೆರಳಚ್ಚು ಕೊಟ್ರ, ಆಮ್ಯಾಲ ಕ್ಯಾಲಿಫೋರ್ನಿಯಾದೊಳಗ ಆ ಮನಷ್ಯಾ ಎಲ್ಲೆ ಅರೆಸ್ಟ್ ಆದ್ರೂ ಲೈಸೆನ್ಸ್ ಕೊಟ್ಟ ಇಲಾಖೆಗೆ ತಾನ ಸುದ್ದಿ ಹೋಗ್ತೈತಿ. ನಮ್ಮ ಸರ್ಟಿಫಿಕೇಟು ಕೊಟ್ಟ ದಿನದ ತನಕದ ಮಾತು ಅಷ್ಟ ಹೇಳತೈತಿ, ಮರುದಿನದ್ದು ಅದಕ್ಕ ಗೊತ್ತಿಲ್ಲ. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಡೇಟಾಬೇಸ್ ಅಂತ ನಮ್ಮಲ್ಲೂ 2018ರ ಸೆಪ್ಟೆಂಬರ್‌ನಾಗ ಚಾಲೂ ಆಗೇತಿ, ಆದ್ರ ಅದು ಪೊಲೀಸ್‌ನಂಥ ತನಿಖಾ ಸಂಸ್ಥೆಗಳಿಗೆ ಮಾತ್ರ, ನಾನು ನೀವು ತಗದು ನೋಡಾಕ ಬರೂದಿಲ್ಲ, ಅಮೆರಿಕಾದಾಗ ಅಂಥಾ ಪಟ್ಟಿ ಸಾರ್ವಜನಿಕರಿಗೂ ಸಿಗ್ತೈತಿ. ಅಂದ ಮ್ಯಾಲ ನಮಗ ಇರೋ ದಾರಿ ಸ್ಟೇಷನ್ ಮೂಲಕ ಹೋಗೋದೊಂದ. ನಾವು ಎರಡ ವರ್ಷಕ್ಕೊಮ್ಮೆ ಎಲ್ಲಾರದೂ ಹೊಸದಾಗಿ ಮಾಡಸೋದು ಅಂತ ಇಟ್ಕೊಂಡೀವಿ.

ಮತ್ತ ಇದನ್ನ ಎಲ್ಲಾ ಪಾಲಕರಿಗೂ ಬಾಯಿಬಿಟ್ಟು ಹೇಳ್ತೀನಿ: ಆ ಕಾಗದ ಪೂರ್ತಿ ಭರವಸಾ ಅಲ್ಲ. ದೂರು ದಾಖಲ ಆಗಿದ್ರ ಮಾತ್ರ ಅದರಾಗ ಬರ್ತೈತಿ, ಮನಿಯೊಳಗ ನಡದಿದ್ದು ಎಷ್ಟೋ ಸ್ಟೇಷನ್ ಮೆಟ್ಟಲಾ ಹತ್ತೂದ ಇಲ್ಲ. 18 ತುಂಬದವರದಂತೂ ಏನೂ ಬರೂದಿಲ್ಲ, 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಮುಗದ ಹೋದ ಕೇಸಿನ್ಯಾಗ ಮಗುವಿನ ದಾಖಲಾನ ಪೊಲೀಸರು ಕ್ಯಾರೆಕ್ಟರ್ ಸರ್ಟಿಫಿಕೇಟಿಗೂ ಕೊಡಂಗಿಲ್ಲ, ಅದು ಸರಿನೂ ಐತಿ. ನನ್ನ ಮಗನ ಈಗ ಪಿಯುಸಿ ಓದಾಕತ್ತಾನ. ಹಿಂಗಾಗಿ ಕಾಗದದ ಜೋಡಿ ಮನಿಯೊಳಗ ಕಟ್ಟಳಿ ಮಾಡೀವಿ, ಅದು ಮಗನಿಗೂ ಅನ್ವಯ, ಮಾವನೋರಿಗೂ ಅನ್ವಯ. ಹುಡುಗೂರು ಮಲಗೋ ಖೋಲಿ ಬಾಗಿಲಾ ಯಾವತ್ತೂ ಮುಚ್ಚಂಗಿಲ್ಲ. ಬಟ್ಟಿ ಬದಲಿ ಮಾಡೋದು, ಬಚ್ಚಲಕ್ಕ ಕರಕೊಂಡು ಹೋಗೋದು ನಾನು ಇಲ್ಲಾಂದ್ರ ಕೆಲಸದಾಕಿ ಮಾತ್ರ. ಯಾವ ದೊಡ್ಡೋರೂ ಒಂದ ಮಗೂ ಜೋಡಿ ಒಬ್ಬರ ಖೋಲಿಯೊಳಗ ಇರಂಗಿಲ್ಲ. ಮಾವನೋರ ಕಥಿ ಪಡಸಾಲ್ಯಾಗ, ಎಲ್ಲಾರ ಕಣ್ಣ ಮುಂದ. ಮನಿಗೆ ಬೀಗರು ಬಂದ್ರ ಮ್ಯಾಲಿನ ಮಜಲಿಗೆ. ಯಾವ ಮಗು ಏನರೆ ಹೇಳಿದ್ರ, ಅದು ನಮ್ಮನಿಯವರ ಮ್ಯಾಲ ಇದ್ರೂ, ಮುಚ್ಚಂಗಿಲ್ಲ. ಪೋಕ್ಸೊ 19ನೇ ಕಲಮು ಗೊತ್ತಾದವರು ಪೊಲೀಸರಿಗೆ ತಿಳಸಬೇಕಂತ ಕಡ್ಡಾಯ ಮಾಡೇತಿ, ತಿಳಸಲಿಲ್ಲ ಅಂದ್ರ 21ನೇ ಕಲಮಿನ್ಯಾಗ ಶಿಕ್ಷಾ ಐತಿ, ಸಂಸ್ಥೆ ನಡಸೋರು ತಮ್ಮ ಕೈಕೆಳಗಿನವರದು ಮುಚ್ಚಿಟ್ರ ಒಂದ ವರ್ಷದ ತನಕ ಜೈಲು. ಮಕ್ಕಳ ಸಹಾಯವಾಣಿ 1098 ನಂಬರ್ ಗ್ವಾಡಿ ಮ್ಯಾಲ ದೊಡ್ಡದಾಗಿ ಬರಸೀವಿ.

ಮ್ಯಾಲಿನ ಮಜಲಿನ್ಯಾಗ ಎರಡ ಖೋಲಿ ಬಾಡಿಗಿ ಕೊಟ್ಟೀವಿ, ಓದೋ ಹುಡುಗೂರ ಇರ್ತಾರ, ಮೆಟ್ಟಲಾ ಒಂದ, ಅಂಗಳಾ ಒಂದ. ಅವರದು ವೆರಿಫಿಕೇಶನ್ ಹಳೇ ಬಾಡಿಗಿ ಕರಾರಿನೊಳಗ ಇರಲಿಲ್ಲ, ಈಗಿನವರು ತಾವ ಒಪ್ಪಿ ಅರ್ಜಿ ಹಾಕ್ಯಾರ, ಒಬ್ಬಂದು ಗದಗ ಕಡೆಯಿಂದ ವರದಿ ಬರೋದು ಬಾಕಿ ಐತಿ. ಹೊಸ ಕರಾರಿನ್ಯಾಗ ಬರದು ಹಾಕೀವಿ, ಸರ್ಟಿಫಿಕೇಟು ಕೊಟ್ಟ ಮ್ಯಾಲನ ಕೀಲಿ ಅಂತ. ಡೇ ಕೇರ್ ಹುಡುಕೋ ಪಾಲಕರು ಯಾರರೆ ಇದನ್ನ ಓದಿದ್ರ, ಕೆಲಸದಾಕೀದು ಕೇಳಿದ ಮ್ಯಾಲ ಮನಿಯೊಳಗ ಮತ್ತ ಯಾರ ಇರ್ತಾರ, ಮ್ಯಾಲ ಯಾರ ಇರ್ತಾರ, ಅವರ ಕಾಗದ ಎಲ್ಲಿ ಅಂತ ಕೇಳ್ರಿ, ಸಂಕೋಚ ಮಾಡಬ್ಯಾಡ್ರಿ. ನಮ್ಮಲ್ಲಿ ಆ ಫೈಲು ಬಾಗಲದ ಬಾಜೂಕ ಇರೋ ಶೆಲ್ಫಿನ್ಯಾಗನ ಇರ್ತೈತಿ, ಯಾರು ಬೇಕಾದ್ರೂ ತಗದು ನೋಡಬಹುದು.